ಯುಗಾದಿಯ ಹೊತ್ತಿಗೆ ಮೆತ್ತಗಾಗುವ ರಸ್ತೆ: ಮಿನ್ನೆಸೋಟದ ವಸಂತಕಾಲದ ಭಾರ ಮಿತಿ

ನಮ್ಮ ಸಂಘದ ಯುಗಾದಿ ಊಟದ ಸಾಲಿನಲ್ಲಿ ನಿಂತಾಗ ಪ್ರತಿ ವರ್ಷ ಯಾರಾದರೊಬ್ಬರು ನನ್ನನ್ನು ಒಂದು ಪ್ರಶ್ನೆ ಕೇಳುತ್ತಾರೆ. "ಊರಾಚೆ ಡ್ರೈವ್ ಹೋಗಿದ್ದೆವು, ರಸ್ತೆ ಪಕ್ಕದಲ್ಲಿ '5 ಟನ್' ಅಂತ ಬೋರ್ಡು ನೆಟ್ಟಿದ್ದಾರೆ. ಹೋದ ತಿಂಗಳು ಇರಲಿಲ್ಲ. ಏನದು? ನಮ್ಮ ಕಾರಿಗೂ ಅನ್ವಯಿಸುತ್ತದೆಯೆ?" ಕೈಯಲ್ಲಿ ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡು ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಇದು. "ಕಾರಿಗಲ್ಲ, ಲಾರಿಗಳಿಗೆ" ಎಂದಷ್ಟೇ ಹೇಳಿ ಪಲ್ಯದ ಕಡೆ ಸರಿಯುತ್ತಿದ್ದೆ. ಈ ಸಲ ಸ್ಮರಣ ಸಂಚಿಕೆಯ ಸಂಪಾದಕರು ಬಿಡಲಿಲ್ಲ. ಜೊತೆಗೆ, ಇದೇ ಬೋರ್ಡಿನ ಕಾರಣಕ್ಕೆ ನಮ್ಮ ಸಂಘದವರೇ ಆದ ಒಂದು ಕುಟುಂಬಕ್ಕೂ ನನಗೂ ಸುಮಾರು ಒಂದು ವರ್ಷ ಮಾತು ನಿಂತುಹೋಗಿತ್ತು. ಅದನ್ನೂ ಹೇಳಬೇಕು ಅನಿಸಿದೆ. ಆ ಕುಟುಂಬದವರು ಈ ಲೇಖನವನ್ನು ಮೊದಲೇ ಓದಿ ಒಪ್ಪಿದ್ದಾರೆ. ಹೆಸರು ಮಾತ್ರ ಬೇಡ ಎಂದಿದ್ದಾರೆ.

ನಾನು ಮಿನ್ನೆಸೋಟದ ಒಂದು ಕೌಂಟಿಯ ಹೆದ್ದಾರಿ ವಿಭಾಗದಲ್ಲಿ 22 ವರ್ಷದಿಂದ ಇಂಜಿನಿಯರ್. ನನ್ನ ಕೆಲಸದ ಬಹುಪಾಲು ಮಣ್ಣಿನ ಜೊತೆ. ಗದಗ ಸೀಮೆಯ ಎರೆ ನೆಲದಲ್ಲಿ ಬೆಳೆದವನಿಗೆ ಮಣ್ಣು ಹೊಸದಲ್ಲ. ಆದರೆ ಚಳಿಗಾಲದಲ್ಲಿ ಕಲ್ಲಾಗಿ, ವಸಂತದಲ್ಲಿ ಅಂಬಲಿಯಾಗುವ ಮಣ್ಣನ್ನು ನಾನು ಇಲ್ಲಿಗೆ ಬಂದ ಮೇಲೆಯೇ ಕಂಡದ್ದು.

ಮೊದಲು ನಿಯಮ ಏನು ಎಂಬುದನ್ನು ಹೇಳಿಬಿಡುತ್ತೇನೆ. ಮಿನ್ನೆಸೋಟದಲ್ಲಿ ಸಾಧಾರಣ ದಿನಗಳಲ್ಲಿ ಒಳ್ಳೆಯ ಹೆದ್ದಾರಿಯ ಮೇಲೆ ಲಾರಿಯ ಒಂದು ಆಕ್ಸಲ್, ಅಂದರೆ ಒಂದು ಅಚ್ಚು, 20,000 ಪೌಂಡ್‌ವರೆಗೆ ಭಾರ ಹೊರಬಹುದು. ಅದು 10 ಟನ್. ವಸಂತದಲ್ಲಿ ನೆಲ ಕರಗಲು ಶುರುವಾದಾಗ, ರಾಜ್ಯದ ಸಾರಿಗೆ ಇಲಾಖೆ ಒಂದು ದಿನಾಂಕ ಪ್ರಕಟಿಸುತ್ತದೆ. ಆ ದಿನದಿಂದ, ಬೇರೆ ಮಿತಿಯ ಬೋರ್ಡು ಇಲ್ಲದ ಕೌಂಟಿ ರಸ್ತೆ, ಟೌನ್‌ಶಿಪ್ ರಸ್ತೆ, ನಗರದ ಬೀದಿಗಳಲ್ಲಿ ಒಂದು ಅಚ್ಚಿಗೆ 5 ಟನ್ ಮಾತ್ರ. ಗಟ್ಟಿಯಾಗಿ ಕಟ್ಟಿದ ರಸ್ತೆಗಳಿಗೆ 7 ಅಥವಾ 9 ಟನ್ ಎಂದು ಬೋರ್ಡು ಇರುತ್ತದೆ. ಅಂತರರಾಜ್ಯ ಹೆದ್ದಾರಿಗಳಿಗೆ ಈ ತಾಪತ್ರಯವೇ ಇಲ್ಲ. ಇಡೀ ರಾಜ್ಯಕ್ಕೆ ಒಂದೇ ದಿನಾಂಕವೂ ಅಲ್ಲ. ರಾಜ್ಯವನ್ನು ಆರು ವಲಯಗಳಾಗಿ ವಿಂಗಡಿಸಿದ್ದಾರೆ. ದಕ್ಷಿಣದಲ್ಲೂ ಅವಳಿ ನಗರಗಳ ಸುತ್ತಲೂ ಸಾಮಾನ್ಯವಾಗಿ ಮಾರ್ಚ್ ಮೊದಲ ಅರ್ಧದಲ್ಲಿ ಶುರುವಾದರೆ, ಕೆನಡಾ ಗಡಿಯ ಕಡೆ ಇನ್ನೂ ತಡವಾಗಿ. ಹೆಚ್ಚೆಂದರೆ ಎಂಟು ವಾರ ಇರುತ್ತದೆ. ಲೆಕ್ಕ ಹಾಕಿ ನೋಡಿ: ಯುಗಾದಿ ಸಾಮಾನ್ಯವಾಗಿ ಈ ಎಂಟು ವಾರದೊಳಗೇ ಬರುತ್ತದೆ. ಅಲ್ಲಿ ಮಾವು ಚಿಗುರುವಾಗ ಇಲ್ಲಿ ರಸ್ತೆ ಮೆತ್ತಗಾಗುತ್ತದೆ.

ನಮ್ಮ ನೆರೆಹೊರೆಯಲ್ಲೂ ಇದೇ ಪದ್ಧತಿ ಬೇರೆ ಬೇರೆ ಹೆಸರಿನಲ್ಲಿದೆ. ಮಿಷಿಗನ್‌ನಲ್ಲಿರುವ ನಮ್ಮವರು ಇದನ್ನು 'ಫ್ರಾಸ್ಟ್ ಲಾ' ಎನ್ನುತ್ತಾರೆ. ಅಲ್ಲಿ ಕಾಂಕ್ರೀಟ್ ರಸ್ತೆಗೆ ಶೇಕಡಾ 25, ಡಾಂಬರು ರಸ್ತೆಗೆ ಶೇಕಡಾ 35 ಭಾರ ಇಳಿಸಬೇಕು. ಒಂಟಾರಿಯೋದಲ್ಲಿ ಜನ 'ಹಾಫ್ ಲೋಡ್ ಸೀಸನ್' ಎಂದು ಕರೆಯುತ್ತಾರೆ. ಹೆಸರೇ ಎಲ್ಲವನ್ನೂ ಹೇಳುತ್ತದೆ.

ನೆಲದೊಳಗೆ ಆಗುವುದೇನು?

ಹೆಚ್ಚಿನವರು ತಿಳಿದಿರುವುದು ಹೀಗೆ: ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಅದರಿಂದ ರಸ್ತೆ ಉಬ್ಬಿ ಬಿರಿಯುತ್ತದೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಲೆಕ್ಕ ಹೊಂದುವುದಿಲ್ಲ. ನೀರು ಮಂಜುಗಡ್ಡೆಯಾದಾಗ ಹಿಗ್ಗುವುದು ಸುಮಾರು ಶೇಕಡಾ 9. ಒಂದು ಅಡಿ ಮಣ್ಣಿನಲ್ಲಿ ನೂರಕ್ಕೆ ನಲವತ್ತು ಪಾಲು ನೀರೇ ಇದ್ದರೂ ಅದು ಅರ್ಧ ಇಂಚೂ ಉಬ್ಬಬಾರದು. ಆದರೆ ಚಳಿಗಾಲದಲ್ಲಿ ರಸ್ತೆಗಳು ಹಲವು ಇಂಚು ಏಳುವುದನ್ನು ನಾನು ಅಳೆದಿದ್ದೇನೆ. ಆ ಉಳಿದ ಉಬ್ಬು ಎಲ್ಲಿಂದ ಬಂತು?

ಇದಕ್ಕೆ ಉತ್ತರ ಕಂಡುಹಿಡಿದವರು ಸ್ಟೀಫನ್ ಟೇಬರ್ ಎಂಬ ಭೂವಿಜ್ಞಾನಿ. ತಮಾಷೆಯೆಂದರೆ ಅವರಿದ್ದದ್ದು ಹಿಮವೇ ಅಪರೂಪವಾದ ಸೌತ್ ಕ್ಯಾರೋಲೈನಾದಲ್ಲಿ. 1929 ಮತ್ತು 1930ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅವರು ಮಣ್ಣಿಗೆ ನೀರಿನ ಬದಲು ಬೆಂಜೀನ್ ಹಾಕಿ ಹೆಪ್ಪುಗಟ್ಟಿಸಿದರು. ಬೆಂಜೀನ್ ಹೆಪ್ಪುಗಟ್ಟುವಾಗ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಆದರೂ ಮಣ್ಣು ಉಬ್ಬಿತು! ಅಂದರೆ ಉಬ್ಬಿಗೆ ಕಾರಣ ಹಿಗ್ಗುವಿಕೆ ಅಲ್ಲ, ಕೆಳಗಿನಿಂದ ಹೊಸ ದ್ರವ ಮೇಲಕ್ಕೆ ಬಂದು ಸೇರುವುದು. ದೀಪದ ಬತ್ತಿ ಎಣ್ಣೆಯನ್ನು ಹೀರಿಕೊಳ್ಳುವಂತೆ, ಹೆಪ್ಪುಗಟ್ಟುವ ಪದರ ತನ್ನ ಕೆಳಗಿನ ಮಣ್ಣಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಆ ನೀರು ಅಲ್ಲೇ ಮಂಜಾಗಿ, ತೆಳುವಾದ ಬಿಲ್ಲೆಯ ಆಕಾರದಲ್ಲಿ ಬೆಳೆಯುತ್ತದೆ. ಇದಕ್ಕೆ ಐಸ್ ಲೆನ್ಸ್ ಎನ್ನುತ್ತಾರೆ. ಹೆಪ್ಪುಗಟ್ಟಿದ ಮಣ್ಣನ್ನು ಕೊರೆದು ತೆಗೆದರೆ ಮಣ್ಣು, ಮಂಜು, ಮಣ್ಣು, ಮಂಜು ಎಂದು ಪದರಪದರವಾಗಿ ಕಾಣುತ್ತದೆ. ಚಿರೋಟಿಯನ್ನು ಅಡ್ಡಕ್ಕೆ ಕತ್ತರಿಸಿದಂತೆ ಎಂದು ನಾನು ಮಕ್ಕಳಿಗೆ ಹೇಳುವುದುಂಟು.

ಎಲ್ಲ ಮಣ್ಣೂ ಹೀಗೆ ಮಾಡುವುದಿಲ್ಲ. ಮರಳಿನಲ್ಲಿ ಸಂದುಗಳು ದೊಡ್ಡವು, ಬತ್ತಿಯ ಕೆಲಸ ನಡೆಯುವುದಿಲ್ಲ. ಅಂಟಾದ ಜೇಡಿಯಲ್ಲಿ ಸಂದುಗಳು ಎಷ್ಟು ಸಣ್ಣವೆಂದರೆ ನೀರು ಬಲು ನಿಧಾನವಾಗಿ ಏರುತ್ತದೆ. ಇವೆರಡರ ನಡುವಿನ, ಹಿಟ್ಟಿನಂಥ ನಯವಾದ ಮೆಕ್ಕಲು ಮಣ್ಣೇ ಅತಿ ತೊಂದರೆಯದು. ಆರ್ಥರ್ ಕ್ಯಾಸಗ್ರಾಂಡೆ 1930ರ ದಶಕದ ಆರಂಭದಲ್ಲೇ ಒಂದು ಸರಳ ಅಳತೆ ಕೊಟ್ಟರು: ಬಗೆಬಗೆಯ ಗಾತ್ರದ ಕಣಗಳಿರುವ ಮಣ್ಣಿನಲ್ಲಿ 0.02 ಮಿಲಿಮೀಟರಿಗಿಂತ ಸಣ್ಣ ಕಣಗಳು ಶೇಕಡಾ 3ಕ್ಕಿಂತ ಹೆಚ್ಚಿದ್ದರೆ ಹುಷಾರಾಗಿರಿ. ಅದು ಇವತ್ತಿಗೂ ನಮ್ಮ ಪ್ರಯೋಗಾಲಯದಲ್ಲಿ ಉಪಯೋಗಕ್ಕೆ ಬರುತ್ತದೆ.

ಇನ್ನು ಆಳದ ಮಾತು. ಇಲ್ಲಿ ಮನೆಯ ಅಡಿಪಾಯವನ್ನು ಹೆಪ್ಪು ತಲುಪದಷ್ಟು ಆಳಕ್ಕೆ ಇಳಿಸಬೇಕು ಎಂದು ಕಾನೂನಿದೆ: ಅವಳಿ ನಗರಗಳ ಕಡೆ 42 ಇಂಚು, ಉತ್ತರದಲ್ಲಿ 60 ಇಂಚು. ರಸ್ತೆಯ ಕೆಳಗೆ ಹೆಪ್ಪು ಇದಕ್ಕಿಂತಲೂ ಆಳಕ್ಕೆ ಹೋಗಬಹುದು. ಯಾಕೆಂದರೆ ಹಿಮ ಒಂದು ಕಂಬಳಿ. ನಿಮ್ಮ ಹಿತ್ತಲಿನ ಹುಲ್ಲಿನ ಮೇಲೆ ಅದು ಹೊದ್ದುಕೊಂಡಿರುತ್ತದೆ. ರಸ್ತೆಯ ಮೇಲಿನ ಕಂಬಳಿಯನ್ನು ನಾವು ಪ್ರತಿ ರಾತ್ರಿ ಪ್ಲೋ ಹಾಕಿ ಎಳೆದುಬಿಡುತ್ತೇವೆ.

ಜನವರಿಯಲ್ಲಿ ಈ ಹೆಪ್ಪುಗಟ್ಟಿದ ನೆಲ ಭಾರೀ ಗಟ್ಟಿ. ಎಷ್ಟೆಂದರೆ, ಚಳಿಗಾಲದಲ್ಲಿ ರಾಜ್ಯವೇ ಲಾರಿಗಳಿಗೆ ಶೇಕಡಾ 10 ಹೆಚ್ಚುವರಿ ಭಾರ ಹೊರಲು ಪರವಾನಗಿ ಕೊಡುತ್ತದೆ. ಉತ್ತರದ ಕಾಡುಗಳಿಂದ ಮರದ ದಿಮ್ಮಿ ಸಾಗಿಸುವವರಿಗೆ ಅದೇ ಸುಗ್ಗಿ. ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ಬಂಡಿ ಹೂಡುತ್ತಿದ್ದಂತೆ, ಇಲ್ಲಿ ನೆಲ ಹೆಪ್ಪುಗಟ್ಟುವುದನ್ನು ಕಾಯುತ್ತಾರೆ.

ತೊಂದರೆ ಶುರುವಾಗುವುದು ಕರಗುವಾಗ. ಕರಗುವಿಕೆ ಮುಖ್ಯವಾಗಿ ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ಬಿಸಿಲಿಗೆ ಕಪ್ಪು ಡಾಂಬರು ಕಾದು, ಅದರ ಕೆಳಗಿನ ಜಲ್ಲಿ ಪದರದ ಮಂಜು ನೀರಾಗುತ್ತದೆ. ಚಳಿಗಾಲವಿಡೀ ಎಳೆದು ಕೂಡಿಟ್ಟ ನೀರು ಅದು. ಈಗ ಹೋಗಲು ದಾರಿ ಬೇಕು. ಕೆಳಗೆ ಇನ್ನೂ ಎರಡು ಮೂರು ಅಡಿ ಹೆಪ್ಪುಗಟ್ಟಿದ ಕಲ್ಲಿನಂಥ ನೆಲ. ಪಕ್ಕದಲ್ಲಿ, ರಸ್ತೆಯ ಅಂಚಿನಲ್ಲಿ, ಪ್ಲೋ ತಳ್ಳಿ ಗುಡ್ಡೆ ಹಾಕಿದ ಹಿಮದ ಕೆಳಗೆ ನೆಲ ಇನ್ನೂ ಕರಗಿಲ್ಲ. ಅಂದರೆ ರಸ್ತೆಯ ಒಡಲು ತಳವೂ ಅಂಚೂ ಭದ್ರವಾಗಿರುವ ಒಂದು ಬೋಗುಣಿ, ಅದರ ತುಂಬ ನೀರಲ್ಲಿ ನೆಂದ ಜಲ್ಲಿ. ಇದರ ಮೇಲೆ ಅಚ್ಚಿನ ಭಾರ ಬಿದ್ದಾಗ ಆ ಭಾರವನ್ನು ಕಲ್ಲಿನಿಂದ ಕಲ್ಲಿಗೆ ದಾಟಿಸುವ ಬದಲು ನಡುವಿನ ನೀರು ಹೊರುತ್ತದೆ. ನೀರು ಭಾರ ಹೊತ್ತರೆ ಕಲ್ಲುಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಚಕ್ರದ ಕೆಳಗೆ ರಸ್ತೆ ಬಗ್ಗುತ್ತದೆ, ಡಾಂಬರಿನ ಅಡಿಯಲ್ಲಿ ಸೀಳು ಬೀಳುತ್ತದೆ. ಜಲ್ಲಿ ಪದರ ಬೇಗ ಚೇತರಿಸಿಕೊಳ್ಳುತ್ತದೆ, ಅದರ ಕೆಳಗಿನ ಮಣ್ಣು ಗಟ್ಟಿಯಾಗಲು ಇನ್ನೂ ಹೆಚ್ಚು ವಾರ ಬೇಕು. ಎಂಟು ವಾರ ಎಂಬ ಮಿತಿಯ ಹಿಂದಿನ ಕಾರಣ ಇದೇ.

16 ಪಟ್ಟು ಎಂಬ ಲೆಕ್ಕ

"ಸ್ವಲ್ಪ ಹೆಚ್ಚು ಭಾರ ಆದರೆ ಸ್ವಲ್ಪ ಹೆಚ್ಚು ಹಾನಿ, ಅಷ್ಟೇ ತಾನೇ?" ಎಂದು ಕೇಳುವವರಿದ್ದಾರೆ. ಅಷ್ಟೇ ಅಲ್ಲ. 1958ರಿಂದ 1960ರವರೆಗೆ ಇಲಿನಾಯ್ ರಾಜ್ಯದ ಒಟ್ಟಾವಾ ಊರಿನ ಬಳಿ ಒಂದು ದೊಡ್ಡ ಪ್ರಯೋಗ ನಡೆಯಿತು. ಆರು ಸುತ್ತುರಸ್ತೆಗಳನ್ನು ಕಟ್ಟಿ, ಸೈನಿಕರಿಂದ ಲಾರಿಗಳನ್ನು ಹಗಲು ರಾತ್ರಿ ಓಡಿಸಿ, ಯಾವ ಭಾರಕ್ಕೆ ಯಾವ ರಸ್ತೆ ಯಾವಾಗ ಸಾಯುತ್ತದೆ ಎಂದು ಅಳೆದರು. ಆಶೋ ರಸ್ತೆ ಪರೀಕ್ಷೆ ಎಂದು ಅದರ ಹೆಸರು. ಅಲ್ಲಿಂದ ಬಂದ ಸೂತ್ರ, ಹಾನಿಯು ಅಚ್ಚಿನ ಭಾರದ ಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆ ಎಂಬುದು. ಭಾರ ಎರಡು ಪಟ್ಟಾದರೆ ಹಾನಿ ಎರಡಲ್ಲ, 16 ಪಟ್ಟು. ಕಾರಿನ ಅಚ್ಚು ಹೆಚ್ಚುಕಡಿಮೆ ಒಂದು ಟನ್; ಅದರ ಎದುರು 10 ಟನ್ನಿನ ಅಚ್ಚಿನ ಹಾನಿ 10,000 ಪಟ್ಟು. ನಿಮ್ಮ ಕಾರಿಗೆ ಈ ಬೋರ್ಡು ಯಾಕೆ ಅನ್ವಯಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಆ ಪರೀಕ್ಷೆಯಲ್ಲಿ ಕಂಡ ಇನ್ನೊಂದು ಸಂಗತಿ, ರಸ್ತೆಗಳ ಹಾನಿಯಲ್ಲಿ ಬಹಳಷ್ಟು ಆದದ್ದು ವಸಂತದಲ್ಲಿ ನೆಲ ಕರಗುವ ವಾರಗಳಲ್ಲೇ.

ಹಾಗಾದರೆ ಅರ್ಧ ಲೋಡು ತಂದರೆ ಎರಡು ಸಲ ಬರಬೇಕಲ್ಲ, ಲಾಭ ಏನು? ಲಾರಿಯ ಸ್ವಂತ ಭಾರವೂ ಇರುವುದರಿಂದ ಎರಡಲ್ಲ, ಮೂರು ಸಲವೇ ಬರಬೇಕಾಗಬಹುದು. ಆದರೂ 10 ಟನ್ನಿನ ಅಚ್ಚು ಒಂದು ಸಲ ಬಂದರೆ ಹಾನಿ 16, 5 ಟನ್ನಿನ ಅಚ್ಚು ಮೂರು ಸಲ ಬಂದರೆ 3. ಲಾರಿಯವನ ಡೀಸೆಲ್ಲು, ದಿನಗೂಲಿ ಹೆಚ್ಚುತ್ತದೆ ನಿಜ. ಅದು ಅವನ ಜೇಬಿನಿಂದ ಹೋಗುತ್ತದೆ. ರಸ್ತೆಯ ಹಾನಿ ಎಲ್ಲರ ಜೇಬಿನಿಂದ. ಈ ನಿಯಮದ ಬಗ್ಗೆ ಇರುವ ಜಗಳವೆಲ್ಲ ಈ ಒಂದು ಸಾಲಿನೊಳಗಿದೆ.

ದಿನಾಂಕವನ್ನು ಗೊತ್ತುಮಾಡುವುದು ಹೇಗೆ ಎಂಬುದು ನನಗೆ ಅತಿ ಇಷ್ಟವಾದ ಭಾಗ. ಹಿಂದೆ ಅನುಭವಸ್ಥರು ನೆಲ ನೋಡಿ ಹೇಳುತ್ತಿದ್ದರು. ಈಗ ಒಂದು ಲೆಕ್ಕವಿದೆ. ದಿನದ ಗರಿಷ್ಠ ಮತ್ತು ಕನಿಷ್ಠ ತಾಪಮಾನದ ಸರಾಸರಿ ತೆಗೆದು, ಅದರಿಂದ ಒಂದು ಆಧಾರ ತಾಪಮಾನವನ್ನು ಕಳೆಯುತ್ತಾರೆ. ಉಳಿದದ್ದನ್ನು ದಿನದಿನವೂ ಕೂಡಿಸುತ್ತ ಹೋಗುತ್ತಾರೆ. ಜನವರಿಯಲ್ಲಿ ಆಧಾರ 32 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನೀರು ಹೆಪ್ಪುಗಟ್ಟುವ ಬಿಂದು. ಆದರೆ ಫೆಬ್ರವರಿಯಿಂದ ಸೂರ್ಯ ಮೇಲೇರಿದಂತೆ ಆ ಆಧಾರವನ್ನು ವಾರವಾರವೂ ಸುಮಾರು ಒಂದು ಡಿಗ್ರಿ ಇಳಿಸುತ್ತಾರೆ. ಮಾರ್ಚ್ ಮೊದಲ ವಾರಕ್ಕೆ ಅದು ಸುಮಾರು 26 ಆಗಿರುತ್ತದೆ. ಆ ವಾರ ಒಂದು ದಿನ ಗರಿಷ್ಠ 38, ಕನಿಷ್ಠ 18 ಇತ್ತೆನ್ನಿ. ಸರಾಸರಿ 28. ಗಾಳಿಯ ಲೆಕ್ಕದಲ್ಲಿ ಅದು ಹೆಪ್ಪುಗಟ್ಟುವ ಚಳಿ. ರಸ್ತೆಯ ಲೆಕ್ಕದಲ್ಲಿ 2 ಡಿಗ್ರಿ ಕರಗಿದ ದಿನ. ನೀವು ಜಾಕೆಟ್ ಹಾಕಿಕೊಂಡು ನಡುಗುತ್ತಿರುವಾಗ ಕಪ್ಪು ಡಾಂಬರು ಬಿಸಿಲು ಕುಡಿದು ಒಳಗೊಳಗೇ ಕರಗುತ್ತಿರುತ್ತದೆ. ಮತ್ತೆ ಚಳಿ ಬಿದ್ದರೆ ಕೂಡಿಸಿದ್ದರಲ್ಲಿ ಒಂದಷ್ಟು ಕಳೆಯುತ್ತಾರೆ. ಮುಂದಿನ ಮೂರು ದಿನಗಳ ಹವಾಮಾನ ಮುನ್ಸೂಚನೆ ಸೇರಿಸಿ ಈ ಮೊತ್ತ 25 ದಾಟುತ್ತದೆ, ಆಮೇಲೂ ಬೆಚ್ಚಗೇ ಇರುತ್ತದೆ ಎಂದು ಕಂಡರೆ, ಕನಿಷ್ಠ ಮೂರು ದಿನ ಮುಂಚಿತವಾಗಿ ಪ್ರಕಟಣೆ ಹೊರಡುತ್ತದೆ.

ಈ ಸೂತ್ರವನ್ನು ಯಾರೋ ಕಚೇರಿಯಲ್ಲಿ ಕೂತು ಬರೆದದ್ದಲ್ಲ. ಅವಳಿ ನಗರಗಳಿಂದ ವಾಯವ್ಯಕ್ಕೆ ಐ-94 ಹೆದ್ದಾರಿಯಲ್ಲಿ ಹೋಗುವಾಗ, ಆಲ್ಬರ್ಟ್‌ವಿಲ್‌ನ ಮಳಿಗೆಗಳನ್ನು ದಾಟಿದ ಮೇಲೆ, ಪಕ್ಕದಲ್ಲೇ ಮಿನ್‌ರೋಡ್ ಎಂಬ ಪರೀಕ್ಷಾ ರಸ್ತೆ ಇದೆ. 1994ರಿಂದ ನಡೆಯುತ್ತಿದೆ. ನೆಲದೊಳಗೆ ಸಾವಿರಾರು ಸಂವೇದಕಗಳನ್ನು ಹೂತಿದ್ದಾರೆ. ಒಂದು ಸುತ್ತುರಸ್ತೆಯಲ್ಲಿ 80,000 ಪೌಂಡಿನ ಒಂದು ಲಾರಿ ಸುಮ್ಮನೆ ಸುತ್ತುತ್ತಿರುತ್ತದೆ. ಆ ಮಳಿಗೆಗಳನ್ನು ದಾಟಿ ಮುಂದೆ ಹೋದವರೆಲ್ಲ ಅದರ ಮಗ್ಗುಲಲ್ಲೇ ಹೋಗಿದ್ದೀರಿ.

ಒಂದು ಲಾರಿ, ಒಂದು ಮಧ್ಯಾಹ್ನ

ಕೆಲಸಕ್ಕೆ ಸೇರಿದ ಮೂರನೆಯ ವರ್ಷ ನಾನೊಂದು ತಪ್ಪು ಮಾಡಿದೆ. ಏಪ್ರಿಲ್ ಮೊದಲ ವಾರ. ಒಂದು ಟೌನ್‌ಶಿಪ್‌ನ ಗರಸು ರಸ್ತೆಯ ಕೊನೆಯಲ್ಲಿ ವಯಸ್ಸಾದ ದಂಪತಿ ಇದ್ದರು. ಅವರ ಬೋರ್‌ವೆಲ್ ಕೆಟ್ಟಿತ್ತು. ಹತ್ತು ದಿನದಿಂದ ನೆರೆಯವರ ಮನೆಯಿಂದ ಕ್ಯಾನಿನಲ್ಲಿ ನೀರು ತರುತ್ತಿದ್ದರು. ಹೊಸ ಬಾವಿ ಕೊರೆಯುವ ಯಂತ್ರದ ಲಾರಿಯ ಭಾರ ಮಿತಿಗಿಂತ ಬಹಳ ಹೆಚ್ಚು. ಆ ಅಜ್ಜಿಯ ಧ್ವನಿ ಫೋನಿನಲ್ಲಿ ಕೇಳಿದಾಗ ನನಗೆ ಊರಿನ ಬೇಸಗೆ, ಕೊಡ ಹೊತ್ತ ನನ್ನ ಅವ್ವ ನೆನಪಾದಳು. ರಾತ್ರಿ ಇನ್ನೂ ಹೆಪ್ಪು ಬೀಳುತ್ತಿತ್ತು. ನಸುಕಿನಲ್ಲಿ ಮೇಲ್ಪದರ ಗಟ್ಟಿಯಿರುವಾಗ ಹೋಗಿ, ಮರುದಿನ ನಸುಕಿನಲ್ಲೇ ವಾಪಸು ಬರಬೇಕು ಎಂಬ ಷರತ್ತಿನ ಮೇಲೆ ಪರವಾನಗಿಗೆ ಸಹಿ ಹಾಕಿದೆ.

ಲಾರಿ ನಸುಕಿನಲ್ಲಿ ಹೋಯಿತು. ರಸ್ತೆಗೆ ಏನೂ ಆಗಲಿಲ್ಲ. ಕೆಲಸ ಎಣಿಸಿದ್ದಕ್ಕಿಂತ ಬೇಗ ಮುಗಿಯಿತು. ಚಾಲಕ ಕಾಯಲಿಲ್ಲ, ಮಧ್ಯಾಹ್ನ ಎರಡು ಗಂಟೆಗೆ, ಬಿಸಿಲಲ್ಲಿ, ಹೊರಟುಬಿಟ್ಟ. ಕಾಲು ಮೈಲಿಯಷ್ಟು ರಸ್ತೆಯಲ್ಲಿ ಮೊಣಕಾಲಿನ ಅರ್ಧದಷ್ಟು ಆಳದ ಎರಡು ಗಾಲಿಜಾಡು. ಗರಸೆಲ್ಲ ಕೆಳಗಿನ ಕೆಸರಿಗೆ ಕಲೆತುಹೋಯಿತು. ಮರುದಿನ ಬೆಳಗ್ಗೆ ಶಾಲಾ ಬಸ್ಸು ಅದರಲ್ಲಿ ಸಿಕ್ಕಿಕೊಂಡಿತು. ಮಕ್ಕಳಿಗೆ ಏನೂ ಆಗಲಿಲ್ಲ, ಟ್ರ್ಯಾಕ್ಟರ್ ತಂದು ಎಳೆದರು. ಆದರೆ ಕೆಸರಿಗೆ ಕಲೆತ ಗರಸನ್ನು ಮತ್ತೆ ಬೇರ್ಪಡಿಸಲು ಆಗುವುದಿಲ್ಲ. ಹೊಸದಾಗಿ ಹಾಕಬೇಕು.

ಇಲ್ಲಿ ಟೌನ್‌ಶಿಪ್ ಎಂದರೇನು ಎಂಬುದನ್ನು ಹೇಳಬೇಕು, ಯಾಕೆಂದರೆ ಉಪನಗರಗಳಲ್ಲಿರುವ ನಮ್ಮವರಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ. ಮಿನ್ನೆಸೋಟದಲ್ಲಿ 1,700ಕ್ಕೂ ಹೆಚ್ಚು ಟೌನ್‌ಶಿಪ್‌ಗಳಿವೆ. ಹೆಚ್ಚುಕಡಿಮೆ ನಮ್ಮ ಗ್ರಾಮ ಪಂಚಾಯಿತಿ ಎನ್ನಬಹುದು, ಆದರೆ ಇನ್ನೂ ಚಿಕ್ಕದು. ಪ್ರತಿ ವರ್ಷ ಮಾರ್ಚ್ ತಿಂಗಳ ಎರಡನೆಯ ಮಂಗಳವಾರ ಊರಿನ ಮತದಾರರೆಲ್ಲ ಸಭೆ ಸೇರಿ, ಈ ವರ್ಷ ತೆರಿಗೆ ಎಷ್ಟು ಎತ್ತಬೇಕು ಎಂದು ತಾವೇ ಮತ ಹಾಕಿ ತೀರ್ಮಾನಿಸುತ್ತಾರೆ. ಅವರ ಖರ್ಚಿನ ಬಹುಪಾಲು ರಸ್ತೆಗೇ. ನನ್ನ ಸಹಿಯ ಮರುವರ್ಷದ ಸಭೆಗೆ ನನ್ನನ್ನು ಕರೆದಿದ್ದರು. ಯಾರೂ ಬೈಯಲಿಲ್ಲ. ಒಬ್ಬ ರೈತ ಎದ್ದು, ಕಾಲು ಮೈಲಿಗೆ ಹಾಕಿದ ಗರಸಿನ ಬಿಲ್ಲನ್ನು ಓದಿ, ಆ ಕಾರಣಕ್ಕೆ ತಮ್ಮ ಪಕ್ಕದ ರಸ್ತೆಗೆ ಆ ವರ್ಷ ಗರಸು ಬೀಳಲಿಲ್ಲ ಎಂದಷ್ಟೇ ಹೇಳಿ ಕೂತ. ಬೋರ್‌ವೆಲ್ಲಿನ ಆ ಅಜ್ಜಿಯೂ ಸಭೆಯಲ್ಲಿದ್ದರು. ಅವರು ನನ್ನನ್ನು ನೋಡಲಿಲ್ಲ, ನಾನೂ ಅವರನ್ನು ನೋಡಲಿಲ್ಲ.

ಈಗ ನಮ್ಮ ಕುಟುಂಬದ ವಿಷಯ. ಮಂಡ್ಯದ ಕಡೆಯ ಹುಡುಗ, ನನಗಿಂತ ಹದಿನೈದು ವರ್ಷ ಚಿಕ್ಕವನು. ಐದು ಎಕರೆ ಜಾಗ ಕೊಂಡು ಮನೆ ಕಟ್ಟಿಸಲು ಹೊರಟಿದ್ದ. ವಿಜಯದಶಮಿಗೆ ಗೃಹಪ್ರವೇಶ, ಅದಕ್ಕೆ ಅವನ ತಾಯಿ ಊರಿನಿಂದ ಬರುವುದು, ಎಲ್ಲ ನಿಶ್ಚಯವಾಗಿತ್ತು. ಕಟ್ಟುವವರು ಮಾರ್ಚ್ ಕೊನೆಗೆ ಅಡಿಪಾಯದ ಕಾಂಕ್ರೀಟ್ ಸುರಿಯುತ್ತೇವೆ ಎಂದು ಒಪ್ಪಂದದಲ್ಲಿ ಬರೆದಿದ್ದರು. ಜಾಗ ಇದ್ದದ್ದು ಟೌನ್‌ಶಿಪ್ ರಸ್ತೆಯ ಮೇಲೆ. ಭಾರ ಮಿತಿಯ ಬಗ್ಗೆ ಒಪ್ಪಂದದಲ್ಲಿ ಒಂದು ಸಾಲೂ ಇರಲಿಲ್ಲ, ಅವನಿಗೆ ಗೊತ್ತೂ ಇರಲಿಲ್ಲ.

ಕಾಂಕ್ರೀಟಿನ ಲೆಕ್ಕ ನೋಡಿ. ಒಂದು ಘನ ಗಜ ಕಾಂಕ್ರೀಟು ಸುಮಾರು 4,000 ಪೌಂಡ್. ಲಾರಿ ತುಂಬ, ಅಂದರೆ 10 ಗಜ ತಂದರೆ ಸರಕೇ 40,000 ಪೌಂಡ್. ಖಾಲಿ ಲಾರಿಯದ್ದು ಇನ್ನೊಂದು 30,000ದ ಆಸುಪಾಸು. ಐದು ಅಚ್ಚಿನ ಲಾರಿಗೆ, ಅಚ್ಚಿಗೆ 5 ಟನ್ನಿನಂತೆ, ಒಟ್ಟು 50,000 ಪೌಂಡ್ ಮಾತ್ರ ಸಲ್ಲುತ್ತದೆ. ಅಂದರೆ 5 ಗಜ, ಅರ್ಧ ಲೋಡು. ಮೂರು ಅಚ್ಚಿನ ಲಾರಿಯಾದರೆ ಖಾಲಿ ಬಂದು ಖಾಲಿ ಹೋಗಬೇಕು, ಅಷ್ಟೇ. ಕಾಂಕ್ರೀಟ್ ಕಂಪನಿ ಅರ್ಧ ಲೋಡಿನಲ್ಲಿ ತರಲು ಒಪ್ಪಲಿಲ್ಲ.

ಒಂದು ರಾತ್ರಿ ಅವನ ಫೋನ್ ಬಂತು. "ಅಣ್ಣ, ಒಂದೇ ದಿನದ ಕೆಲಸ ಕಣಣ್ಣ. ನಿಮ್ಮ ಒಂದು ಸಹಿಯಲ್ಲಿ ಆಗೋಗುತ್ತೆ. ಬ್ಯಾಂಕಿನ ಬಡ್ಡಿ ದರ ಲಾಕ್ ಆಗಿರೋದು ಇಷ್ಟೇ ದಿನಕ್ಕೆ." ನಾನು ಆಗುವುದಿಲ್ಲ ಎಂದೆ. ಕಾರಣ ವಿವರಿಸಲು ಹೋದೆ. ಅವನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. "ಸರಿ ಸರ್" ಎಂದು ಫೋನ್ ಇಟ್ಟ. ಅಣ್ಣ ಹೋಗಿ ಸರ್ ಬಂದದ್ದು ನನಗೆ ಬಹಳ ನೋವು ಕೊಟ್ಟಿತು. ಆ ವರ್ಷದ ಯುಗಾದಿಗೆ ಅವರು ಬರಲಿಲ್ಲ. ಕಾಂಕ್ರೀಟ್ ಬಿದ್ದದ್ದು ಮೇ ಮೂರನೆಯ ವಾರ. ಬಡ್ಡಿ ದರದ ಗಡುವು ವಿಸ್ತರಿಸಲು ಅವನು 2,000 ಡಾಲರಿಗೂ ಮೇಲೆ ಕಟ್ಟಿದ. ವಿಜಯದಶಮಿಗೆ ಮನೆ ಮುಗಿಯಲಿಲ್ಲ. ತಾಯಿ ಹೊರಡುವ ಹಿಂದಿನ ವಾರ, ಗೋಡೆಗೆ ಬಣ್ಣವೂ ಬಳಿಯದ ಮನೆಯಲ್ಲಿ ಹಾಲು ಉಕ್ಕಿಸಿದರಂತೆ. ನನ್ನನ್ನು ಕರೆದಿರಲಿಲ್ಲ.

ಅವನ ಸಿಟ್ಟಿನಲ್ಲಿ ನ್ಯಾಯವಿರಲಿಲ್ಲ ಎಂದು ನಾನು ಹೇಳಲಾರೆ. ಈ ನಿಯಮದ ಹೊರೆ ಎಲ್ಲರ ಮೇಲೆ ಒಂದೇ ಸಮನಾಗಿ ಬೀಳುವುದಿಲ್ಲ. ಶಾಲಾ ಬಸ್ಸು, ಹಾಲಿನ ಟ್ಯಾಂಕರು, ಕಸದ ಲಾರಿಗಳಿಗೆ ಕಾನೂನಿನಲ್ಲಿ ಷರತ್ತಿನ ವಿನಾಯಿತಿಗಳಿವೆ. ಮನೆ ಕಟ್ಟುವವನಿಗೆ ಇಲ್ಲ. ನಾರ್ವೆ ದೇಶದವರು 1995ರಲ್ಲಿ ಈ ಪದ್ಧತಿಯನ್ನೇ ಕೈಬಿಟ್ಟರು. ಸಾಗಾಟಕ್ಕೆ ಆಗುವ ಅನುಕೂಲ ರಸ್ತೆಗೆ ಆಗುವ ಖರ್ಚಿಗಿಂತ ದೊಡ್ಡದು ಎಂಬುದು ಅವರ ಲೆಕ್ಕ. ರಿಪೇರಿಗೆ ಹಣ ಸುರಿಯಲು ಸಿದ್ಧವಿರುವ ದೇಶದ ಸರ್ಕಾರ ಹಾಗೆ ಮಾಡಬಹುದು. ಮಾರ್ಚ್ ಮಂಗಳವಾರ ಮೂವತ್ತು ನಲವತ್ತು ಜನ ಕೈಯೆತ್ತಿ ತೆರಿಗೆ ಗೊತ್ತುಮಾಡುವ ಟೌನ್‌ಶಿಪ್ಪಿಗೆ ಆ ಲೆಕ್ಕ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಮನೆ ಕಟ್ಟುವ ಪರವಾನಗಿ ಕೊಡುವಾಗಲೇ ಈ ಮಿತಿಯ ಬಗ್ಗೆ ಒಂದು ಹಾಳೆ ಕೈಗಿಡಬಹುದಲ್ಲ? ಅದನ್ನು ನಾನು ನಮ್ಮ ಕಚೇರಿಯಲ್ಲಿ ಎರಡು ವರ್ಷ ಹೇಳಿ, ಈಗ ಜಾರಿಗೆ ಬಂದಿದೆ. ಅವನ ಸಿಟ್ಟಿನಿಂದ ಆದ ಕೆಲಸ ಅದು.

ನಮ್ಮ ಊರುಗಳಿಗೂ ಇದಕ್ಕೂ ಸಂಬಂಧವಿಲ್ಲವೆ? ಹೆಪ್ಪು ಇಲ್ಲ, ಆದರೆ ನೀರು ಇದೆ. ಹುಬ್ಬಳ್ಳಿಯಲ್ಲಿ ಸಿವಿಲ್ ಓದುವಾಗ ನಾವು ಬೆಂಕಲ್‌ಮನ್ ಬೀಮ್ ಎಂಬ ಉಪಕರಣ ಬಳಸುತ್ತಿದ್ದೆವು. ಭಾರ ತುಂಬಿದ ಲಾರಿಯ ಜೋಡಿ ಚಕ್ರಗಳ ನಡುವೆ ಉದ್ದನೆಯ ತೊಲೆಯ ತುದಿ ಇಟ್ಟು, ರಸ್ತೆ ಎಷ್ಟು ಬಗ್ಗುತ್ತದೆ ಎಂದು ಅಳೆಯುವುದು. ಅದನ್ನು 1950ರ ದಶಕದಲ್ಲಿ ಅಮೆರಿಕದ ಬೆಂಕಲ್‌ಮನ್ ರೂಪಿಸಿದ್ದು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸಂಹಿತೆ ಹೇಳುವುದು, ಆ ಅಳತೆಯನ್ನು ಮಳೆಗಾಲ ಮುಗಿದ ಕೂಡಲೇ, ನೆಲ ಅತಿ ದುರ್ಬಲವಾಗಿರುವಾಗ ತೆಗೆಯಿರಿ. ಬೇರೆ ಕಾಲದಲ್ಲಿ ತೆಗೆದರೆ ಋತುವಿಗೆ ತಕ್ಕ ತಿದ್ದುಪಡಿ ಸೇರಿಸಿ, ಎಂದು. ಇಲ್ಲಿಯ ವಸಂತ, ಅಲ್ಲಿಯ ಶ್ರಾವಣ ಭಾದ್ರಪದ. ಕೊಡಗಿನಲ್ಲಿ ಮಳೆಗಾಲದಲ್ಲಿ ಮರಳು, ಮರದ ದಿಮ್ಮಿಯ ಭಾರೀ ಲಾರಿಗಳನ್ನು ಜಿಲ್ಲಾಡಳಿತ ತಡೆಯುತ್ತದೆ. ಅಲ್ಲಿ ಗುಡ್ಡ ಕುಸಿಯುವ ಭಯವೂ ಸೇರಿದೆಯಾದರೂ, ನೆಂದ ನೆಲಕ್ಕೆ ಭಾರ ಬೇಡ ಎಂಬ ತಿಳಿವಳಿಕೆ ಅದೇ. ಹೊಲಕ್ಕೆ ಹೋಗುವ ದಾರಿಯಲ್ಲಿ ನನ್ನ ಅಪ್ಪ ಹೇಳುತ್ತಿದ್ದದ್ದೂ ಅದೇ: "ಹಸಿ ಎರಿ ಮ್ಯಾಲ ಬಂಡಿ ಹೊಡಿಬ್ಯಾಡೊ, ವರ್ಷಾನುಗಟ್ಲೆ ಜಾಡು ಉಳಿತೈತಿ."

ಹೊರವಲಯದಲ್ಲಿ ಜಾಗ ಕೊಳ್ಳುವ ಸದಸ್ಯರಿಗೆ ಒಂದೆರಡು ಮಾತು. ನಿಮ್ಮ ಜಾಗದ ಮುಂದಿನ ರಸ್ತೆ ಯಾರದು ಎಂದು ಮೊದಲು ಕೇಳಿ: ಟೌನ್‌ಶಿಪ್ಪೋ, ಕೌಂಟಿಯೋ, ನಗರವೋ. ಕಾಂಕ್ರೀಟು, ಜಲ್ಲಿ, ಸೆಪ್ಟಿಕ್ ಟ್ಯಾಂಕು, ಛಾವಣಿಯ ತೊಲೆಗಳು, ಬೋರ್‌ವೆಲ್ ಯಂತ್ರ ಇವೆಲ್ಲ ಭಾರದ ಲಾರಿಯಲ್ಲೇ ಬರುತ್ತವೆ. ಒಂದೋ ನೆಲ ಹೆಪ್ಪಾಗಿರುವಾಗಲೇ ಸಾಮಾನು ತರಿಸಿಡಿ, ಇಲ್ಲವೆ ಮೇ ತಿಂಗಳ ಮಧ್ಯದ ನಂತರ ಎಂದು ಒಪ್ಪಂದದಲ್ಲಿ ಬರೆಸಿ. ಬಡ್ಡಿ ದರದ ಗಡುವನ್ನೂ ಅದಕ್ಕೆ ಹೊಂದಿಸಿ. ಮುಹೂರ್ತ ಇಡುವ ಮುಂಚೆ ಪಂಚಾಂಗದ ಜೊತೆ ರಾಜ್ಯ ಸಾರಿಗೆ ಇಲಾಖೆಯ ಪ್ರಕಟಣೆಯನ್ನೂ ನೋಡಿ ಎಂದರೆ ನಮ್ಮ ಪುರೋಹಿತರು ಬೇಸರಪಡಲಾರರು. ದಿನಾಂಕ ವರ್ಷದಿಂದ ವರ್ಷಕ್ಕೆ ಬಹಳ ಏರುಪೇರಾಗುತ್ತದೆ ಎಂಬುದನ್ನು ಮರೆಯಬೇಡಿ. 2023–24ರ ಚಳಿಗಾಲ ಮಿನ್ನೆಸೋಟದ ದಾಖಲೆಯಲ್ಲೇ ಅತಿ ಬೆಚ್ಚಗಿನದು. ಅಂಥ ವರ್ಷ ಹೋದ ವರ್ಷದ ದಿನಾಂಕ ನಂಬಿದವರು ಮೋಸಹೋಗುತ್ತಾರೆ.

ಆ ಹುಡುಗ ಮತ್ತೆ ಮಾತಾಡಿದ್ದು ಹೇಗೆ ಎಂದರೆ, ಮರುವರ್ಷ ಏಪ್ರಿಲ್‌ನಲ್ಲಿ ಅವನ ಮನೆಯ ಮುಂದಿನ ರಸ್ತೆಯಲ್ಲೇ ಯಾರದೋ ಭರ್ತಿ ಲಾರಿ ಕದ್ದು ಹೋಗಿ, ಅವನ ಹೆಂಡತಿಯ ಕಾರು ಆ ಜಾಡಿನಲ್ಲಿ ಕೂತುಬಿಟ್ಟಿತು. ಅವನು ಫೋನ್ ಮಾಡಿದ್ದು ದೂರು ಕೊಡಲು. ಧ್ವನಿ ಗುರುತಿಸಿ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಆಮೇಲೆ ಅವನೇ, "ಅಣ್ಣ, ಇದಕ್ಕೆ ಗರಸು ಯಾವಾಗ ಹಾಕ್ತಾರೆ?" ಎಂದ. ಟೌನ್‌ಶಿಪ್ ಸಭೆಗೆ ಹೋಗಿ ಕೇಳು ಎಂದೆ. ಹೋದ. ಈಗ ಪ್ರತಿ ವರ್ಷ ಹೋಗುತ್ತಾನೆ. ಫೆಬ್ರವರಿ ಮುಗಿಯುತ್ತ ಬಂದರೆ ಅವನಿಂದ ಮೆಸೇಜು ಬರುತ್ತದೆ: "ಅಣ್ಣ, ಎಷ್ಟಾಯ್ತು?" ನಾನು ಆ ದಿನದ ಮೊತ್ತ ಬರೆದು ಕಳಿಸುತ್ತೇನೆ. ಈ ಲೇಖನ ಮುಗಿಸುವ ಹೊತ್ತಿಗೂ ಬಂದಿತ್ತು. 11 ಎಂದು ಉತ್ತರ ಕೊಟ್ಟಿದ್ದೇನೆ.